ಬೇಲೂರಿನ ಲಾಡ್ಜಿನಲ್ಲಿ ಭಾರತದ ಭೂಪಟ

ಬೇಲೂರು, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಲಾಡ್ಜು. ಮೈಸೂರಿನಲ್ಲಿ ನನ್ನೊಂದಿಗೆ ಕೆಲಸ ಮಾಡುವ ಜೋವಾ ದೇಶದ ಈಶಾನ್ಯ ತುದಿಯ ಮಿಜೋರಾಮಿನವನು. ಹಳೇಬೀಡು ನೋಡಿ ಬಂದು ಇಬ್ಬರೂ ರೂಮು ಕೇಳಿದೆವು. ಯಜಮಾನರು ಅವನ ಮುಖ ನೋಡಿ ನನ್ನನ್ನು ವಿಚಾರಿಸಿದರು.

"ಇವ್ರ ಪಾಸ್‌ಪೋರ್ಟ್ ಎಲ್ಲೈತೆ ಸಾರ್?"

"ಅವನು ನಮ್ಮ ದೇಶದವನೇ ಕಣ್ರೀ."

"ಎಲ್ರೂ ಹಂಗೇ ಅಂತಾರೆ. ಆಮೇಲೆ ಪೊಲೀಸ್ನೋರು ಬಂದು ನನ್ನ ಕೇಳ್ತಾರೆ."

ಜೋವಾ ಗೋಡೆಯ ಹತ್ತಿರ ಹೋದ. ಅಲ್ಲಿ ಗಾಜಿನ ಕಟ್ಟು ಹಾಕಿಸಿದ ಭಾರತದ ಭೂಪಟವಿತ್ತು. ಬೇಲೂರಿರುವ ಕಡೆ ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದರು, ಭಕ್ತಿಗೇನೂ ಕಡಿಮೆಯಿಲ್ಲ. ತನ್ನ ಊರು ತೋರಿಸಲು ಹೊರಟ ಜೋವಾನ ಬೆರಳು ಕಲ್ಕತ್ತೆ ದಾಟಿ ಬಲಕ್ಕೆ ಸರಿದು, ಮರದ ಪಟ್ಟಿಗೆ ತಾಗಿ ನಿಂತಿತು. ಅದರಾಚೆ ದೇಶವೇ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಏನ್ರೀ ಇದು, ಅಷ್ಟೂ ರಾಜ್ಯಗಳನ್ನ ಕತ್ತರಿಸಿ ಬಿಸಾಕಿದ್ದೀರಾ?"

ಯಜಮಾನರಿಗೆ ನಿಜಕ್ಕೂ ನೋವಾಯಿತು.

"ಛೆ ಛೆ, ದೇಶಾನ ಯಾರಾದ್ರೂ ಕತ್ತರಿಸ್ತಾರಾ ಸಾರ್? ಫ್ರೇಮು ಸಾಲ್ಲಿಲ್ಲ, ಆ ಅಂಚನ್ನ ಹಿಂದಕ್ಕೆ ಮಡಿಚಿದೀವಿ ಅಷ್ಟೆ. ಒಳಗೇ ಐತೆ."

ಹಾಗೆಂದು ಪಾಸ್‌ಪೋರ್ಟಿಗಾಗಿ ಮತ್ತೆ ಕೈ ಚಾಚಿದರು.