ಹಳೆಯ ಚಾಕು ಅವ್ವನಿಗೆ

ನಿನ್ನೆ ವಿಶ್ರಾಮಬಾಗ ಬಡಾವಣೆಯ ಅಂಗಡಿಯಲ್ಲಿ ಮಡಚುವ ಚಾಕುವೊಂದನ್ನು ಬಿಚ್ಚಿದೆ. ಅದು ಟಕ್ಕೆಂದದ್ದೇ ತಡ, ಸಾಂಗ್ಲಿ ಪೇಟೆಯ ಅರಿಶಿನದ ಘಾಟು ಮೂಗಿಗೆ ಬಡಿದಂತಾಯಿತು.

ಅಪ್ಪ ಅಲ್ಲಿ ಅರಿಶಿನ ವ್ಯಾಪಾರಿಯಾಗಿದ್ದ. ಕೊಂಬನ್ನು ಚಾಕುವಿನಿಂದ ಕೆತ್ತಿ ಒಳಗಿನ ಬಣ್ಣ ನೋಡದೆ ದರ ಹೇಳುತ್ತಿರಲಿಲ್ಲ. ಚಾಕು ಕೊಳ್ಳುವಾಗಲೂ ಅಷ್ಟೇ. ಅಲಗು ಅಲ್ಲಾಡಿಸಿ ನೋಡುವನು, ಮುಂಗೈ ಕೂದಲ ಮೇಲೆ ಆಡಿಸುವನು. "ಹಿಡಿ ಚಂದ ಇದ್ರ ಏನ್ ಮಾಡೂದ್ರಿ? ಕೀಲು ಗಟ್ಟಿ ಇರಬೇಕು," ಎಂದು ಅಂಗಡಿಯವನಿಗೇ ಪಾಠ ಹೇಳುವನು.

ಆ ಜಾಣತನವೆಲ್ಲ ಪೇಟೆಗೆ. ಕೀಲು ಸಡಿಲಾದ ಹಳೆಯ ಚಾಕು ಅಡುಗೆಮನೆಗೆ ಬರುತ್ತಿತ್ತು. ಬದನೆಕಾಯಿ ಹೆಚ್ಚುವಾಗ ಅದು ತಾನಾಗಿ ಮಡಚಿಕೊಂಡು ಅವ್ವನ ಬೆರಳು ಕೊಯ್ಯುತ್ತಿತ್ತು. ಅವಳು ಗಾಯಕ್ಕೆ ಅರಿಶಿನ ಒತ್ತಿಕೊಂಡು ಮತ್ತೆ ಹೆಚ್ಚುತ್ತಿದ್ದಳು.

"ಕಾಯಿಪಲ್ಯಾಕ್ಕ ಇದ ಸಾಕು," ಅನ್ನುತ್ತಿದ್ದ ಅಪ್ಪ.

ನಿನ್ನೆ ಅವನ ಹಾಗೆಯೇ ಕೀಲು ನೋಡಿ, ಅಲಗು ನೋಡಿ, ನನ್ನ ಕೈಗೆಟಕುವುದರಲ್ಲೇ ಒಳ್ಳೆಯದನ್ನು ಆರಿಸಿ ತಂದು ಅವ್ವನಿಗೆ ಕೊಟ್ಟೆ. ಗೀರು ಬಿದ್ದ ಬೆರಳುಗಳಿಂದ ಅಲಗು ಸವರಿದಳು.

"ಇಷ್ಟ ಛಲೋದು ನನಗ್ಯಾಕವಾ? ನಿಮ್ಮಪ್ಪಗ ಕೊಡು."

ಅಪ್ಪ ಪೇಟೆಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಆದರೂ ಕುಳಿತಲ್ಲಿಂದಲೇ ಕೈ ಚಾಚಿದ.

"ತಾ ಇಲ್ಲಿ. ನಂದು ಆಕಿಗೆ ಕೊಡ್ತೀನಿ."