ಗೊತ್ತಿಲ್ಲ ಎಂದ ಟೀಚರ್

ಬಾಲವಾಡಿ ಟೀಚರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರುಗಪ್ಪು. ಎಷ್ಟು ತಿಕ್ಕಿದರೂ ಹೋಗದ ಸೊಪ್ಪಿನ ಕಲೆ. ಇತ್ತಲಾರು ಎಂಬ ಬೆಟ್ಟದೂರಿನ ನಮ್ಮ ಹಟ್ಟಿಯಿಂದ ಬಾಲವಾಡಿಗೆ ನಡೆಯುವಾಗ ಟೀ ತೋಟದ ಅಂಚಿನಲ್ಲಿ ತಾನಾಗಿ ಬೆಳೆದ ಕೀರೆಸೊಪ್ಪನ್ನು ಚಿವುಟಿಕೊಂಡೇ ಬರುತ್ತಿದ್ದರು. ಅದು ನಮ್ಮ ಮಧ್ಯಾಹ್ನದ ಸಾರಿಗೆ.

ನಾಲ್ಕು ವರ್ಷದ ನಾನು ತಟ್ಟೆ ತಳ್ಳಿ, “ಇದನ್ನ ಯಾಕೆ ತಿನ್ನೋದು?” ಎಂದಿದ್ದೆನಂತೆ.

“ಒಳ್ಳೇದು, ಕೂಸೆ.”

“ಏನು ಒಳ್ಳೇದು?”

ಬೇರೆಯವರಾಗಿದ್ದರೆ ಗುಮ್ಮನನ್ನು ಕರೆಯುತ್ತಿದ್ದರು. ಇವರು ಹೇಳಿದ್ದು ಇಷ್ಟೇ: “ಎನಗೆ ಗೊತ್ತಿಲ್ಲೆ. ನೀ ಓದಿ ಬಂದು ಹೇಳು. ಅಲ್ಲೀವರೆಗೆ ತಿನ್ನು.”

ವಾದದಲ್ಲಿ ನನ್ನ ಮೊದಲ ಸೋಲು ಅದು. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದೆ, ಪೋಷಣಾ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿದೆ, ಯಾರು ಏನೇ ಹೇಳಿದರೂ ‘ಆಧಾರ ಎಲ್ಲಿ?’ ಎನ್ನುವವಳಾದೆ. ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮ ಹಟ್ಟಿಯ ಹೆಂಗಸರ ಊಟವನ್ನೇ ಆರಿಸಿಕೊಂಡೆ. ಅದು ಚೆನ್ನಾಗಿ ಬಂದರೆ ಮಾತ್ರ ಸಂಶೋಧನೆಗೆ ಸೀಟು. ಮನೆಮನೆ ಹತ್ತಿ, ‘ನಿನ್ನೆ ಏನೇನು ತಿಂದಿರಿ?’ ಎಂದು ಕೇಳಿ ಬರೆದುಕೊಂಡೆ. ಇಲ್ಲಿಯವರು ಸೊಪ್ಪು ತಿನ್ನುವುದೇ ಇಲ್ಲ ಎಂಬ ತೀರ್ಮಾನಕ್ಕೆ ಬಂದು, ಹಾಳೆಗಳನ್ನು ಟೀಚರಿಗೆ ತೋರಿಸಲು ಬೀಗುತ್ತ ಹೋದೆ.

ಅವರು ಕನ್ನಡಕ ಏರಿಸಿ ಒಂದು ಹಾಳೆ ಎಳೆದರು.

“ಇದು ನಿನ್ನ ಅವ್ವೆದು ತಾನೆ? ಅನ್ನ, ಬೇಳೆಸಾರು. ಆ ಸಾರು ನೀನೂ ಉಂಡೆಯಲ್ಲ, ಕೀರೆ ಇರಲಿಲ್ಲೆಯಾ?”

ಇತ್ತು. ಎರಡು ಸಲ ಬಡಿಸಿಕೊಂಡಿದ್ದೆ.

“ಅವ್ವೆ ಹೇಳಲಿಲ್ಲ ಟೀಚರ್. ಹೇಳದ್ದನ್ನ ನಾನು ಹೇಗೆ ಬರೀಲಿ?”

“ಅಂಚಲ್ಲಿ ಚಿವುಟಿದ್ದನ್ನ ಯಾರು ಊಟ ಅಂತ ಹೇಳ್ತಾರೆ? ಅದೂ ಪೆನ್ನು ಹಿಡಿದು ಬಂದವಳಿಗೆ! ಕಳೆ ತಿಂತಾರೆ ಅಂತ ನೀ ಬರ್ಕೊಂಡು ಹೋದರೆ ಅವರ ಮರ್ಯಾದೆ?”

ಅರ್ಧ ಗಂಟೆ ವಾದಿಸಿದೆ. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರೇ ವಾರ. ಟೀಚರು ಮರುದಿನ ಸಂಜೆ ಟೀ ಎಲೆ ತೂಗುವ ಜಾಗಕ್ಕೆ ಕರೆದೊಯ್ದರು. ಸಾಲಿನಲ್ಲಿ ನಿಂತ ಹೆಂಗಸರ ಚೀಲದ ಬಾಯಲ್ಲೋ ಸೆರಗಿನ ಗಂಟಿನಲ್ಲೋ ಒಂದೊಂದು ಹಿಡಿ ಸೊಪ್ಪು. ಟೀಚರು ಒಬ್ಬೊಬ್ಬರನ್ನೂ ಕೇಳಿದ್ದು ಒಂದೇ ಮಾತು: “ಇವತ್ತು ಏನು ಕಿತ್ತೆ?”

ಅಬ್ಬಾ, ಆ ಉತ್ತರಗಳು! ಯಾವುದು ಎಲ್ಲಿ ಎಳೆಯದು, ಯಾವುದಕ್ಕೆ ಬೆಳ್ಳುಳ್ಳಿ ಬೇಕೇ ಬೇಕು, ಯಾರ ಕೈಯ ಸಾರು ಸಪ್ಪೆ. ನನ್ನ ಅವ್ವೆಯ ಬಾಯಿ ಎಲ್ಲರಿಗಿಂತ ಜೋರು.

ಹಳೆಯ ಹಾಳೆಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದೆ. ಈ ಸಲ ಮೊದಲ ಪ್ರಶ್ನೆ ಟೀಚರದು. ನಿದ್ದೆಗೆಟ್ಟು ಮುಗಿಸಿದ ಪ್ರಬಂಧದಲ್ಲಿ ನನ್ನ ತಪ್ಪನ್ನೂ ಬರೆದೆ. ಸೀಟಿನ ಸಂದರ್ಶನದಲ್ಲಿ ಪ್ರಾಧ್ಯಾಪಕರು ಹೆಚ್ಚು ಕೆದಕಿದ್ದು ಆ ಪುಟವನ್ನೇ. ಸೀಟು ಸಿಕ್ಕಿತು.

ಹೇಳಲು ಹೋದಾಗ ಟೀಚರು ಬಾಲವಾಡಿಯ ಜಗುಲಿಯಲ್ಲಿ ಸೊಪ್ಪು ಸೋಸುತ್ತಿದ್ದರು.

“ಹಾಗಾದರೆ ಹೇಳು. ಇದು ಏನು ಒಳ್ಳೇದು?”

ಪುಸ್ತಕದಲ್ಲಿರುವುದನ್ನು ಒಪ್ಪಿಸಬಹುದಿತ್ತು. ಆದರೆ ನಮ್ಮ ತೋಟದಂಚಿನ ಈ ಸೊಪ್ಪು, ನಮ್ಮ ಹೆಂಗಸರ ಮೈಯಲ್ಲಿ ಏನು ಮಾಡುತ್ತದೆ?

“ಗೊತ್ತಿಲ್ಲ ಟೀಚರ್. ಅದಕ್ಕೇ ಹೋಗ್ತಿರೋದು.”

ಅವರು ಒಳಗಿದ್ದ ಆಯಾಗೆ ಕೇಳುವಂತೆ ಕೂಗಿದರು: “ಕೇಳಿದೆಯಾ? ನನ್ನ ಕೂಸು ಎಷ್ಟು ಓದಿದೆ ನೋಡು! ಗೊತ್ತಿಲ್ಲೆ ಅನ್ನೋಕೆ ಕಲ್ತಿದೆ!”