ಎತ್ತಿ ಕಟ್ಟಿದ ಸರೊಂಗ್

ಮೂವತ್ತು ವರ್ಷ ಕಾಪುವಿನ ಮಕ್ಕಳಿಗೆ ಶಿಸ್ತು ಕಲಿಸಿದ ನಾನು ಮನೆಯಲ್ಲಿ ಉಡುವುದು ಅಂಚು ಸವೆದ ಒಂದು ಸರೊಂಗ್. ನೋಡಿದವರು ಲುಂಗಿ ಎನ್ನುತ್ತಾರೆ, ನಾನು ತಿದ್ದುತ್ತೇನೆ. ತಿದ್ದುವುದು ನಿವೃತ್ತಿಯಾದರೂ ಬಿಡದ ಚಟ.

ಅದನ್ನು ಕೊಟ್ಟವರು ಜಿನಸಿ ಅಂಗಡಿಯ ಹಮೀದ್ ಬ್ಯಾರಿ. ಎಳೆಯ ಪ್ರಾಯದಲ್ಲಿ ಮಲೇಷ್ಯಾದ ಪೆನಾಂಗಿನ ಬಟ್ಟೆ ಅಂಗಡಿಯೊಂದರಲ್ಲಿ ದುಡಿದವರು. ಮಲಯ ಭಾಷೆಯಲ್ಲಿ ಸರೊಂಗ್ ಎಂದರೆ ಹೊದಿಕೆಯಂತೆ. ಕತ್ತಿಯ ಒರೆಗೂ ತಲೆದಿಂಬಿನ ಚೀಲಕ್ಕೂ ಅದೇ ಹೆಸರು. ಆ ಶಬ್ದ ಡಚ್ಚರ ಬಾಯಿಗೆ ಹೋಯಿತು, ಇಂಗ್ಲಿಷರ ಬಾಯಿಗೆ ಹೋಯಿತು, ಸಿಂಹಳದಲ್ಲಿ ‘ಸರಮ’ ಆಯಿತು. ಇಷ್ಟೆಲ್ಲ ತಿರುಗಿದ ಶಬ್ದ ಕಾಪುವಿನಲ್ಲಿ ಮಾತ್ರ ನನ್ನ ಮನೆಯಿಂದಾಚೆ ಹೋಗಲಿಲ್ಲ.

ಉಡುವುದು ಯಾವುದಾದರೂ ನಮ್ಮೂರಿನ ರಿವಾಜು ಒಂದೇ. ಕೆಲಸದ ಹೊತ್ತಿಗೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಬೇಕು. ಗೌರವಿಸಬೇಕಾದವರು ಎದುರಾದರೆ ಮಡಿಕೆ ಬಿಚ್ಚಿ ಪಾದದವರೆಗೆ ಇಳಿಸಬೇಕು. ನಾನು ಅಂಗಡಿಗೆ ಹೋದಾಗಲೆಲ್ಲ ಬ್ಯಾರಿಗಳು ಅಕ್ಕಿ ತೂಗುವುದನ್ನು ನಿಲ್ಲಿಸಿ ಲುಂಗಿ ಇಳಿಸುತ್ತಿದ್ದರು. ನಾನೋ ಪಂಚೆ ಎತ್ತಿ ಕಟ್ಟಿಕೊಂಡೇ ನಿಂತು ಸಾಮಾನಿನ ಪಟ್ಟಿ ಓದುತ್ತಿದ್ದೆ. ಅವರು ನನಗಿಂತ ಹತ್ತು ವರ್ಷ ಹಿರಿಯರು ಎಂಬುದು ಈ ಮಾಷ್ಟ್ರ ತಲೆಗೆ ಹೊಳೆಯಲೇ ಇಲ್ಲ.

ಕಳೆದ ತಿಂಗಳು ಸಕ್ಕರೆ ಕಾಯಿಲೆ ಏರಿ, ಮಣಿಪಾಲದಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು. ಆಸ್ಪತ್ರೆಗೆ ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ. ಮನೆಗೆ ಬಂದಿದ್ದಾರೆಂದು ತಿಳಿದ ಸಂಜೆ, ಗಿಡಗಳಿಗೆ ನೀರು ಬಿಡುತ್ತಿದ್ದವನು ಎತ್ತಿ ಕಟ್ಟಿದ ಸರೊಂಗಿನಲ್ಲೇ ಹೊರಟೆ.

ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ಅವರ ಕೈ ಲುಂಗಿಯ ಮಡಿಕೆಯನ್ನು ಹುಡುಕಿತು. ಬಲಗಡೆ ಬಟ್ಟೆ ಖಾಲಿ ಬಿದ್ದಿತ್ತು. ಇಳಿಸಲು ಅಲ್ಲಿ ಏನೂ ಇರಲಿಲ್ಲ, ಆದರೂ ಕೈ ಸವರುತ್ತಲೇ ಇತ್ತು. ನನಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಮೆಟ್ಟಿಲ ಕೆಳಗೇ ನಿಂತು ನನ್ನ ಸರೊಂಗಿನ ಮಡಿಕೆ ಬಿಚ್ಚಿ ಪಾದದವರೆಗೆ ಇಳಿಸಿದೆ.

“ಎಂತ ಮಾಷ್ಟ್ರೇ ಇದು? ನನಗೆಲ್ಲ ಎಂತಕ್ಕೆ?” ಎಂದರು.

“ನೀವು ಹಿರಿಯರು ಅಲ್ವಾ ಬ್ಯಾರಿಗಳೇ. ನನಗೆ ಗೊತ್ತಾಗುವಾಗ ತಡವಾಯಿತು.”

ಅವರು ನನ್ನ ಸರೊಂಗನ್ನು ನೋಡಿದರು. “ಬಣ್ಣ ಹೋಗ್ಲಿಲ್ಲ ಇನ್ನೂ, ಒಳ್ಳೆ ಮಾಲು” ಎಂದು ಪಕ್ಕದ ಬೆಂಚು ತೋರಿಸಿದರು. “ಕೂತುಕೊಳ್ಳಿ. ಮೇಲೆ ಕಟ್ಟಿಕೊಳ್ಳಿ, ಸೆಕೆ ಉಂಟು ಮಾರಾಯ್ರೆ.”

ನಾನು ಕಟ್ಟಲಿಲ್ಲ. ಮನೆಗೆ ಮರಳುವಾಗಲೂ ಕಟ್ಟಲಿಲ್ಲ. ಅಭ್ಯಾಸವಿಲ್ಲದ್ದರಿಂದ ದಾರಿಯಲ್ಲಿ ಎರಡು ಸಲ ಎಡವಿದೆ.